ಗೇಟಿನಲ್ಲಿ ನಿಲ್ಲದ ಬಸ್ಸು

ನನ್ನ ಬಲಭುಜ ಎಡಭುಜಕ್ಕಿಂತ ಇಳಿದಿದೆ ಎಂದು ಡಾಕ್ಟರು ಹೇಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಪ್ರೊಜೆಕ್ಟರ್ ಚೀಲ ಹೊತ್ತು ಕಡೂರು, ತರೀಕೆರೆ, ಅಜ್ಜಂಪುರ ಎಂದು ಅಲೆದದ್ದಕ್ಕೆ ಸಿಕ್ಕ ಬಹುಮಾನ ಅದು. ಹಳ್ಳಿಯ ಹೆಂಗಸರಿಗೆ ಮೊಬೈಲಿನಲ್ಲೇ ಕಥೆ ಹೇಳುವುದನ್ನು ಕಲಿಸುವುದು ನನ್ನ ಕೆಲಸ. ಅವರದೇ ದನಿ, ಅವರೇ ತೆಗೆದ ಫೋಟೋ, ಎರಡು ಮೂರು ನಿಮಿಷದ ವಿಡಿಯೋ. ಅದನ್ನು ಅಧಿಕಾರಿಗಳಿಗೆ ತೋರಿಸಿದರೆ ಊರಿನ ಕೆಲಸ ಆಗುತ್ತದೆ ಎನ್ನುವುದು ಯೋಜನೆ. ಮೊದಮೊದಲು ನಾನೂ ನಂಬಿದ್ದೆ. ಬರಬರುತ್ತಾ, ಚಾರ್ಜರ್ ಮರೆಯದೆ ಮನೆ ಸೇರಿದರೆ ಸಾಕಪ್ಪಾ ಎನ್ನುವ ಮಟ್ಟಕ್ಕೆ ಬಂದಿದ್ದೆ.

ಅಜ್ಜಂಪುರದಿಂದ ತರೀಕೆರೆಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ಶಿಬಿರ ನಡೆಸಿದಾಗ, ಅಂಗನವಾಡಿಯಲ್ಲಿ ಅಡುಗೆ ಮಾಡುವವಳೊಬ್ಬಳು ಬಂದಿದ್ದಳು. ಅವಳ ಮಗಳು ತರೀಕೆರೆಯಲ್ಲಿ ಕಾಲೇಜಿಗೆ ಸೇರಿದ್ದಳು. ಬೆಳಗಿನ ಬಸ್ಸು ಅಜ್ಜಂಪುರದಲ್ಲೇ ತುಂಬಿಕೊಂಡು ಬರುತ್ತಿತ್ತು. ಊರಿಗೆ ತಿರುಗುವ ಗೇಟಿನಲ್ಲಿ ಪಾಸು ಹಿಡಿದು ನಿಂತ ಹುಡುಗಿಯರನ್ನು ಕಂಡೂ ಕಾಣದಂತೆ ಹೋಗಿಬಿಡುತ್ತಿತ್ತು. ಹಾಜರಿ ಹೀಗೇ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿದ್ದರು. ಅದೇ ಅವಳ ಕಥೆ.

ಚೆನ್ನಾಗಿಯೇ ಹೇಳಿದಳು. ದೂರ ಹೋಗುತ್ತಿರುವ ಬಸ್ಸಿನ ಹಿಂಭಾಗವನ್ನೇ ಬೇರೆ ಬೇರೆ ದಿನ ಫೋಟೋ ತೆಗೆದಿದ್ದಳು. ಆದರೆ ಕೊನೆಯಲ್ಲಿ, "ಏನೋ, ದೇವ್ರು ದೊಡ್ಡೋನು, ಈಗ ಎಲ್ಲಾ ಸರಿಹೋಗೈತೆ, ಚೆನ್ನಾಗಿದ್ದೀವಿ" ಎಂದು ಸೇರಿಸಿದ್ದಳು.

"ಎಲ್ಲಿ ಸರಿಹೋಗಿದೆಯಮ್ಮಾ?" ಎಂದೆ.

"ಸರಿಹೋಗಿಲ್ಲ ಕಣ್ರೀ ಮೇಡಂ. ಆದ್ರೆ ಕಷ್ಟದ್ ಮಾತಾಡಿ ಹಂಗೇ ಬಿಟ್ಟು ಏಳ್ಬಾರ್ದು. ಒಳ್ಳೇ ಮಾತಾಡಿ ಮುಗಿಸ್ಬೇಕು. ಇಲ್ದಿದ್ರೆ ಅದು ಮಕ್ಳ ಮ್ಯಾಲೆ ಬತ್ತದೆ."

ಕೂತಿದ್ದ ಹೆಂಗಸರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ನೋಡಿದರೆ ಅಷ್ಟೂ ಜನರ ವಿಡಿಯೋ ಹಾಗೇ ಮುಗಿದಿತ್ತು. ಕಥೆ ಅದನ್ನು ಹೇಳಿದವರದೇ, ಅದಕ್ಕೆ ಬೇರೆಯವರು ಕತ್ತರಿ ಹಾಕಬಾರದು ಎಂದು ಮೊದಲ ದಿನ ನಾನೇ ಭಾಷಣ ಬಿಗಿದಿದ್ದೆ. ಹಾಗಾಗಿ ಆ ಕೊನೆಯ ಮಾತನ್ನು ತೆಗೆಯದೆ ಉಳಿಸಿದೆ.

ಅಜ್ಜಂಪುರದ ಒಂದು ಸಭಾಂಗಣದಲ್ಲಿ ವಿಡಿಯೋಗಳನ್ನು ತೋರಿಸಿದೆವು. ಬಂದಿದ್ದ ಅಧಿಕಾರಿ ಮನಸಾರೆ ಚಪ್ಪಾಳೆ ತಟ್ಟಿದರು. "ಬಸ್ಸಿನ ಸಮಸ್ಯೆ ಬಗೆಹರಿದದ್ದು ಬಹಳ ಸಂತೋಷ" ಎಂದು ಮೈಕಿನಲ್ಲಿ ಹೇಳಿ, ಶಾಲು ಹೊದಿಸಿಕೊಂಡು ಹೊರಟರು. ಹಿಂದೆಯೇ ಓಡಿ ವಿವರಿಸಿದೆ. "ಅವರೇ ಹೇಳಿದಾರಲ್ಲ ಮೇಡಂ" ಎನ್ನುತ್ತಾ ಜೀಪು ಹತ್ತಿದರು. ನನಗೆ ಅವರಿಗಿಂತ ಅವಳ ಮೇಲೇ ಸಿಟ್ಟು ಬಂತು. ಸಿಟ್ಟು ಮಾಡುವುದಕ್ಕೂ ತ್ರಾಣವಿಲ್ಲದೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದೆ.

ಅವಳು ಬಂದು ಪಕ್ಕದಲ್ಲಿ ನಿಂತಳು. "ನಾಳೆ ಬಸ್ ಡಿಪೋಗೆ ಹೋಗ್ತೀನಿ. ಜೊತೆಗೆ ಬತ್ತೀರಾ?"

ಶಿಬಿರ ಮುಗಿದಿತ್ತು. ನನಗೆ ಬೇಕಾಗಿದ್ದದ್ದು ನಿದ್ದೆ. ಆದರೂ ಹೋದೆ. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾಯಿಸಿ ಒಳಗೆ ಕರೆದರು. ಪರದೆ ಇಲ್ಲ, ಫೋಟೋ ಇಲ್ಲ, ಅವಳು ಅದೇ ಕಥೆಯನ್ನು ಮತ್ತೆ ಹೇಳಿದಳು. "ನೆನ್ನೆನೂ ನಿಲ್ಲಿಸ್ಲಿಲ್ಲ, ಇವತ್ತೂ ನಿಲ್ಲಿಸ್ಲಿಲ್ಲ. ನನ್ ಮಗಳನ್ನ ಪರೀಕ್ಷೆಗೆ ಕೂರ್ಸಲ್ಲ ಅಂತವ್ರೆ ಸ್ವಾಮಿ." ಅಲ್ಲಿಗೆ ನಿಲ್ಲಿಸಿದಳು. ಮುಗಿಸುವ ಆ ಒಳ್ಳೇ ಮಾತು ತುಟಿಯವರೆಗೆ ಬಂದದ್ದು ನನಗೆ ಕಾಣಿಸಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದುಬಿಟ್ಟಳು. ಮೇಜಿನ ಹಿಂದಿದ್ದವರು, ನೋಡೋಣ, ಡ್ರೈವರ್‌ಗಳಿಗೆ ಹೇಳುತ್ತೇವೆ ಎಂದರು.

ಹೊರಗೆ ಬಿಸಿಲಿಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡಳು.

"ಹಂಗೇ ಬಿಟ್ಟು ಎದ್ದು ಬಂದ್ಬಿಟ್ಟೆ ಕಣ್ರೀ. ನನ್ ಮಗಳಿಗೆ ಏನೂ ಆಗಲ್ಲ ಅಲ್ವಾ?"

"ಇಲ್ಲಮ್ಮಾ, ಏನೂ ಆಗಲ್ಲ" ಎಂದೆ.

ಬಸ್ಸು ನಿಲ್ಲುತ್ತದೋ ಇಲ್ಲವೋ ಎಂದು ಅವಳು ಕೇಳಲೇ ಇಲ್ಲ.