ಮಂಗಳವಾರ, ಶುಕ್ರವಾರದ ಬಾಟಲಿಗಳು

ನನ್ನ ಕೆಲಸವನ್ನು ಯಾರಿಗಾದರೂ ವಿವರಿಸುವಷ್ಟರಲ್ಲೇ ಸಾಕಾಗಿಹೋಗುತ್ತದೆ. ಕೊಳಚೆ ನೀರಿನ ಜೊತೆ ರಂಜಕ, ಅಂದರೆ ಫಾಸ್ಫರಸ್, ಹರಿದುಹೋಗಿ ಕೆರೆಗಳು ಪಾಚಿಗಟ್ಟುತ್ತವೆ. ಹೊಲಕ್ಕೆ ಹಾಕಲು ಅದನ್ನೇ ಹೊರದೇಶದಿಂದ ತರಿಸುತ್ತೇವೆ. ಆ ರಂಜಕವನ್ನು ಹಿಡಿದು ಮತ್ತೆ ಗೊಬ್ಬರ ಮಾಡಬೇಕು. ಯಾವ ಪದಾರ್ಥ ಅದನ್ನು ಹಿಡಿದೀತೆಂದು ಕಂಪ್ಯೂಟರಿನೊಳಗೆ ಅಣುಗಳನ್ನು ಆಡಿಸಿ ನೋಡುತ್ತಿದ್ದೆ. ಯಾವ ದಿನ ಆ ಪದಾರ್ಥವನ್ನು ನೀರಿಗೆ ಎಷ್ಟು ಹಾಕಬೇಕೆಂದು ಹೇಳುವುದು ಎಐ ಕೆಲಸ. ಅದಕ್ಕೆ ಕಲಿಸಲು ದಿನಾ ಬೆಳಿಗ್ಗೆ ಮನೆಯಿಂದ ನೇರವಾಗಿ ಬಿಟಿಎಂನ ಒಂದು ಅಪಾರ್ಟ್‌ಮೆಂಟಿಗೆ ಹೋಗಿ, ಅಲ್ಲಿಯ ಕೊಳಚೆ ನೀರನ್ನು ಬಾಟಲಿಗೆ ತುಂಬಿಕೊಳ್ಳುತ್ತಿದ್ದೆ. ಲ್ಯಾಬಿನಲ್ಲಿ ತೊಳೆದ ಬಾಟಲಿಗಳು ರಾತ್ರಿ ಇಟ್ಟಮಡುವಿನ ನನ್ನ ಬಾಡಿಗೆ ಮನೆಯ ಮೆಟ್ಟಿಲ ಮೇಲಿರುತ್ತಿದ್ದವು.

ಏಳು ತಿಂಗಳಾದ ಮೇಲೆ ಎಐ ಒಂದು ಗುಟ್ಟು ಹೇಳಿತು: ಮಂಗಳವಾರ, ಶುಕ್ರವಾರ ರಂಜಕ ಏರುತ್ತದೆ. ನಮಗೆ ಆಶ್ಚರ್ಯವೇ ಆಗಲಿಲ್ಲ. ಆ ಎರಡು ದಿನ ಹೊಸ್ತಿಲು ತೊಳೆಯದ ಮನೆ ನಮ್ಮಲ್ಲಿ ಯಾವುದಿದೆ? ಸೋಪಿನಪುಡಿಯಲ್ಲೂ ರಂಜಕ ಇರುತ್ತದಲ್ಲ! ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂದುಕೊಂಡೆವು. "ಸಖತ್ತಾಗಿದೆ, ವರದೀಲಿ ಇದನ್ನೇ ಮುಂದಿಡಿ" ಅಂದರು ಲ್ಯಾಬ್ ನಡೆಸುವ ನಮ್ಮ ಮೇಷ್ಟ್ರು. ನನ್ನ ನೌಕರಿ ಇನ್ನೊಂದು ವರ್ಷ ಉಳಿಯುವುದು ದುಡ್ಡು ಕೊಡುವವರಿಗೆ ಹೋಗುವ ಆ ವರದಿಯ ಮೇಲೆ ನಿಂತಿತ್ತು.

ವರದಿ ಕಳಿಸಬೇಕಾದ ಶುಕ್ರವಾರ ಎಂದಿಗಿಂತ ಬೇಗ ಎದ್ದೆ. ಕೆಳಗೆ ಮನೆ ಓನರ್ ಆಂಟಿ, ಈ ಬಡಾವಣೆ ಹೊಲವಾಗಿದ್ದಾಗ ಇಲ್ಲೇ ರಾಗಿ ಬೆಳೆದವರು, ನಲ್ಲಿಯ ಮುಂದೆ ಕೂತು ನನ್ನ ಬಾಟಲಿಗಳನ್ನು ಸೋಪಿನಪುಡಿ ಹಾಕಿ ತಿಕ್ಕುತ್ತಿದ್ದರು.

"ಮೋರಿ ನೀರಿನ ಬಾಟ್ಲಿ ಕಣಮ್ಮ. ಶುಕ್ರವಾರದ ದಿನ ಮೆಟ್ಲ ಮೇಲೆ ಹಂಗೇ ಇದ್ರೆ ಲಕ್ಷ್ಮಿ ಬರ್ತಾಳಾ?"

"ಯಾವಾಗಿಂದ ತೊಳೀತಿದ್ದೀರಾ ಆಂಟಿ?"

"ನೀನು ಬಾಟ್ಲಿ ತಂದಾಗ್ಲಿಂದ. ಮಂಗಳ್ವಾರ, ಶುಕ್ರವಾರ ಒಂದಿನಾನೂ ತಪ್ಸಿಲ್ಲ. ನಿಂಗೆ ಹೊತ್ತೆಲ್ಲಿರತ್ತೆ, ಪಾಪ."

ಎಷ್ಟು ಜಾಲಿಸಿದರೂ ಸೋಪಿನ ಅಂಶ ಬಾಟಲಿಯಲ್ಲಿ ಉಳಿಯುತ್ತದೆ. ಇಡೀ ಅಪಾರ್ಟ್‌ಮೆಂಟಿನ ಅಭ್ಯಾಸವೆಂದು ನಾವು ಬರೆದಿದ್ದು ಈ ಒಬ್ಬರ ಕೈಕೆಲಸ. ಸಿಟ್ಟು ಬಂತು, ಆಂಟಿಯ ಮೇಲಲ್ಲ, ನನ್ನ ಮೇಲೆ. ಆ ದಿನಗಳಲ್ಲಿ ಒಂದು ಬಾಟಲಿಗೆ ಬರೀ ಶುದ್ಧ ನೀರು ತುಂಬಿ ಅಳೆದಿದ್ದರೆ ಗೊತ್ತಾಗುತ್ತಿತ್ತು. ಮನಸ್ಸಿಗೆ ಒಪ್ಪುವ ಉತ್ತರ ಸಿಕ್ಕ ಮೇಲೆ ಅಳೆಯುವವರು ಯಾರು?

ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನಾಳೆ ಹೇಳಬಾರದಿತ್ತೇನ್ರಿ?" ಎಂದರು. ವರದಿ ಹೋಗಲಿಲ್ಲ. ನನ್ನ ಕೆಲಸ ಈ ತಿಂಗಳಿಗೆ ಮುಗಿಯುತ್ತದೆ. ನಿಜ ಹೇಳಬೇಕೆಂದರೆ ಅಳುವುದಕ್ಕೂ ಸುಸ್ತು.

ಆಂಟಿಗೆ ಇದೇನೂ ಗೊತ್ತಿಲ್ಲ. ಮೊನ್ನೆ ಮಂಗಳವಾರ ಮೆಟ್ಟಿಲ ಮೇಲೆ ಏನೂ ಕಾಣದೆ ಅವರೇ ಮೇಲೆ ಹತ್ತಿ ಬಂದರು.

"ಬಾಟ್ಲಿ ಎಲ್ಲಮ್ಮ? ಕೊಡು, ತೊಳ್ಕೊಡ್ತೀನಿ."

ಚೀಲದಲ್ಲಿದ್ದವನ್ನೆಲ್ಲ ತೆಗೆದು ಕೊಟ್ಟೆ. ಅಳೆಯುವುದು ನಿಂತಿತ್ತು, ಇನ್ನು ತೊಳೆದರೂ ನಡೆಯುತ್ತಿತ್ತು.