ಅಡಿಕೆ ಗೋದಾಮಿನ ರಾಕ್ ಸ್ಟುಡಿಯೊ

ನನ್ನ ಅತಿ ದೊಡ್ಡ ಹಿಟ್ ಹಾಡು ದಿನಾ ಬೆಳಿಗ್ಗೆ ಏಳು ಗಂಟೆಗೆ ಚನ್ನಗಿರಿಯ ನಮ್ಮ ಬೀದಿಗೆ ಬರುತ್ತದೆ. ಅದು ಕೇಳಿದ ಕೂಡಲೇ ಜನ ಮನೆಯಿಂದ ಓಡಿ ಬರುತ್ತಾರೆ. ಎಲ್ಲರ ಕೈಯಲ್ಲೂ ಬಕೆಟ್ ಇರುತ್ತದೆ, ಏಕೆಂದರೆ ಅದು ಕಸದ ಗಾಡಿಯ ಹಾಡು. ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಎಲ್ಲ ನನ್ನದು. ಗಾಯನವೂ ನನ್ನದೇ; ಕಸಕ್ಕೆ ಇನ್ನಾರು ಹಾಡುತ್ತಾರೆ? ಹಸಿ ಕಸ, ಒಣ ಕಸ ಎಂದು ಬರುವ ಸಾಲಿನ ಹಿಂದೆ ಎಲೆಕ್ಟ್ರಿಕ್ ಗಿಟಾರ್ ಇಟ್ಟಿದ್ದೇನೆ. ಇದುವರೆಗೆ ಒಬ್ಬರೂ ಅದನ್ನು ಗಮನಿಸಿಲ್ಲ. ನನ್ನ ಹೆಂಡತಿ ಮಾತ್ರ ತಪ್ಪದೆ ಕೂಗುತ್ತಾಳೆ: "ನಿಮ್ ಹಾಡು ಬಂತು, ಬಕೆಟ್ ತಗಂಡು ಹೋಗ್ರಿ."

ನಾನು ಹೊರಟಿದ್ದು ಕರ್ನಾಟಕಕ್ಕೆ ರಾಕ್ ಸಂಗೀತ ತರುವುದಕ್ಕೆ. ದಾವಣಗೆರೆಯಲ್ಲಿ ಕಾಲೇಜು ಓದುವಾಗ ಬಾಡಿಗೆ ಕ್ಯಾಸೆಟ್‌ಗಳಿಂದ ಈ ಹುಚ್ಚು ಹಿಡಿಯಿತು. ಕೂದಲು ಭುಜದವರೆಗೆ ಬಿಟ್ಟೆ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಕಪ್ಪು ಜರ್ಕಿನ್ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದೆ. ಹಿಂದಿನಿಂದ ನೋಡಿದ ಕಂಡಕ್ಟರ್ ಒಬ್ಬ, "ಅಕ್ಕಾರೆ, ಒಳಗೆ ಸೀಟ್ ಐತೆ ಬರ್ರಿ" ಎಂದು ಕರೆದದ್ದೂ ಇದೆ. ಹಾಡುವವರಿಗಿಂತ ದೊಡ್ಡವನು ಗಾಜಿನ ಆಚೆ ಕುಳಿತು ಹಾಡಿಸುವ ಪ್ರೊಡ್ಯೂಸರ್ ಎಂದು ಎಲ್ಲೋ ಓದಿದ್ದೆ. ಹಾಡಲು ಬಾರದ ನನಗೆ ಈ ಮಾತು ತುಂಬಾ ಹಿಡಿಸಿತು.

ಪ್ರೊಡ್ಯೂಸರ್ ಆಗಲು ಸ್ಟುಡಿಯೊ ಬೇಕು. ಸ್ಟುಡಿಯೊಗೆ ಸದ್ದು ಹೀರಿಕೊಳ್ಳುವ ಗೋಡೆ ಬೇಕು, ಇಲ್ಲದಿದ್ದರೆ ಮಾತೆಲ್ಲ ಗೋಡೆಗೆ ಬಡಿದು ವಾಪಸು ಬರುತ್ತದೆ. ಅಂಥ ಗೋಡೆ ಕಟ್ಟಿಸುವ ಶಕ್ತಿ ನನಗಿರಲಿಲ್ಲ. ಒಂದು ದಿನ ಅಪ್ಪನ ಪರಿಚಯದ ಅಡಿಕೆ ವ್ಯಾಪಾರಿಯೊಬ್ಬರ ಗೋದಾಮಿಗೆ ಹೋಗಿದ್ದೆ. ಸೂರಿನವರೆಗೆ ಅಡಿಕೆ ಚೀಲಗಳು. ಅವುಗಳ ನಡುವೆ ನಿಂತು ಕೆಮ್ಮಿದೆ. ಕೆಮ್ಮು ಅಲ್ಲೇ ಸತ್ತಿತು. ಮತ್ತೆ ಕೆಮ್ಮಿದೆ. "ಮೈಯಾಗೆ ಹುಷಾರಿಲ್ಲೇನಪ್ಪಾ?" ಎಂದರು ವ್ಯಾಪಾರಿ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಹೀಗೆ ಅಡಿಕೆ ಚೀಲಗಳ ನಡುವೆ ಒಂದು ಮೈಕು, ಒಂದು ಟೇಪ್ ಡೆಕ್ಕು, ಒಂದು ಸ್ಟೂಲು ಇಟ್ಟು ನನ್ನ ಸ್ಟುಡಿಯೊ ಶುರುವಾಯಿತು. ಒಂದೇ ತೊಂದರೆ: ಗೋಡೆಗಳು ನನ್ನವಲ್ಲ. ಅಡಿಕೆ ಧಾರಣೆ ಬಿದ್ದಾಗ ವ್ಯಾಪಾರಿ ಮಾಲು ಹಿಡಿದಿಟ್ಟುಕೊಳ್ಳುತ್ತಿದ್ದರು, ನನ್ನ ಸ್ಟುಡಿಯೊ ಲೋಕದ ಯಾವ ಸ್ಟುಡಿಯೊಗೂ ಕಡಿಮೆ ಇರುತ್ತಿರಲಿಲ್ಲ. ಧಾರಣೆ ಏರಿದ ಬೆಳಿಗ್ಗೆ ಲಾರಿ ಬಂದು ಗೋಡೆಗಳನ್ನೇ ಹೇರಿಕೊಂಡು ಹೋಗುತ್ತಿತ್ತು. ಆ ಕಾಲದ ನನ್ನ ಕ್ಯಾಸೆಟ್‌ಗಳನ್ನು ಈಗ ಕೇಳಿದರೆ ಯಾವ ತಿಂಗಳು ಅಡಿಕೆಗೆ ರೇಟಿತ್ತು ಎಂದು ಹೇಳಬಹುದು. ಊರಿಗೆಲ್ಲ ಸಂತೋಷವಾದ ದಿನ ನಾನೊಬ್ಬ ಮುಖ ಗಂಟು ಹಾಕಿಕೊಂಡಿರುತ್ತಿದ್ದೆ.

ಒಮ್ಮೆ ಜಾಣತನ ಮಾಡಿ ಜಗಳೂರಿಗೆ ಹೋಗಿ ಕುರಿ ಉಣ್ಣೆಯ ಹತ್ತು ಕಂಬಳಿ ತಂದು ನೇತು ಹಾಕಿದೆ. ಸದ್ದೇನೋ ನಿಂತಿತು. ಆದರೆ ಮಳೆಗಾಲದ ತೇವಕ್ಕೆ ಕಂಬಳಿಗಳು ವಾಸನೆ ಬಿಡತೊಡಗಿದವು. ಚುನಾವಣೆಯ ಹಾಡು ಹೇಳಲು ಬಂದ ಗಾಯಕ ಪಲ್ಲವಿಯಲ್ಲಿ ಮೂರು ಸಲ ಸೀನಿದ. ಆ ಚುನಾವಣೆಯಲ್ಲಿ ಒಂದೇ ಟ್ಯೂನನ್ನು ಹೆಸರು ಬದಲಿಸಿ ಮೂವರು ಅಭ್ಯರ್ಥಿಗಳಿಗೆ ಕೊಟ್ಟಿದ್ದೆ. ಮೂವರ ಪ್ರಚಾರದ ಆಟೋಗಳೂ ಒಂದೇ ಸರ್ಕಲ್ಲಿನಲ್ಲಿ ಎದುರಾದ ದಿನ ನಾನು ನ್ಯಾಮತಿಯಲ್ಲಿದ್ದ ಗೆಳೆಯನ ಮನೆಗೆ ಹೋಗಿ ಒಂದು ವಾರ ಉಳಿದೆ. ಈ ಗೆಳೆಯ ನನ್ನ ರಾಕ್ ಕನಸಿನ ಏಕೈಕ ಗಿಟಾರ್ ವಾದಕ. ಈಗ ಅಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ.

ಗೋದಾಮಿನಲ್ಲಿ ಚೀಲ ಹೊರುತ್ತಿದ್ದ ಹಮಾಲರಲ್ಲಿ ಒಬ್ಬಾತ ಒಂದು ದಿನ ಟವೆಲ್ಲು ಕೈಯಲ್ಲಿ ಹಿಡಿದು ಬಂದು ನಿಂತ. "ನನ್ ಹೆಂಡ್ತಿ ಹಾಡ್ತಾಳ್ರೀ. ಒಂದ್ಸಲ ಕೇಳ್ರಿ. ಸುಮ್ನೆ ಹೇಳಾಕೆ ಬಂದಿಲ್ಲ, ನಿಜವಾಗ್ಲೂ ಚೆನ್ನಾಗೈತೆ." ನಾನು ದೊಡ್ಡ ಮನಸ್ಸು ಮಾಡಿದವನಂತೆ ಕರೆದುಕೊಂಡು ಬಾ ಎಂದೆ. ಆಕೆ ಬಂದು ಸ್ಟೂಲಿನ ಮೇಲೆ ಕೂರದೆ ನಿಂತೇ ಒಂದು ಸೋಬಾನೆ ಪದ ಹೇಳಿದರು. ದನಿಯಲ್ಲಿ ಮರಳು ಬೆರೆತಂಥ ಒರಟುತನವಿತ್ತು, ಎಲ್ಲೂ ಅಂಜಿಕೆ ಇರಲಿಲ್ಲ. ಕ್ಯಾಸೆಟ್‌ಗಳಲ್ಲಿ ಕೇಳಿ ಕೇಳಿ ನಾನು ಹುಡುಕುತ್ತಿದ್ದ ದನಿ ಅದೇ. ಅದು ಮುಖದಲ್ಲಿ ಕಾಣಬಾರದೆಂದು ಬಗ್ಗಿ ಯಾವುದೋ ಬಟನ್ ಒತ್ತಿದೆ.

ಅವರಿಗಾಗಿ ಒಂದು ಹಾಡು ಬರೆದೆ. "ಬಸ್ಸು ಹೋದ ಮೇಲೆ ಈ ಧೂಳು ಯಾರದು?" ಎಂದು ಅದರ ಪಲ್ಲವಿ. ಇದರಲ್ಲಿ ಆಳವಾದ ಅರ್ಥವಿದೆ ಎಂದು ಆಗ ನಂಬಿದ್ದೆ. ಈಗ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಆಕೆ ಮಾತ್ರ ಅದನ್ನು ಹದಿನೈದು ದಿನ ಕಲಿತರು. ಹಾಡಿಸುವ ದಿನ ಗೊತ್ತು ಮಾಡಿದೆ. ಅದೇ ದಿನ ಅಡಿಕೆ ಧಾರಣೆ ಜಿಗಿಯಿತು.

ಬೆಳಿಗ್ಗೆ ಹತ್ತಕ್ಕೆ ಲಾರಿ ಬಾಗಿಲಿಗೆ ಬಂದು ನಿಂತಿತ್ತು. "ಸ್ವಲ್ಪ ತಡೀರಿ" ಎಂದು ವ್ಯಾಪಾರಿಗೆ ಕೈಮುಗಿದೆ. "ನಿನ್ ಹಾಡು ನಾಳೆನೂ ಇರ್ತೈತಪ್ಪಾ, ಈ ರೇಟು ಇರಲ್ಲ" ಎಂದರು. ಚೀಲ ಹೊರುವವರಲ್ಲಿ ಆಕೆಯ ಗಂಡನೂ ಇದ್ದ. ಅವನಿಗೆ ರಜೆ ಯಾರು ಕೊಡುತ್ತಾರೆ? ಹೋಗಲಿ, ಟ್ರಯಲ್ ಆದರೂ ನೋಡೋಣ ಎಂದು ಟೇಪ್ ಒತ್ತಿದೆ. ಆಕೆ ಹಾಡಿದರು. ಒಂದೊಂದೇ ಚೀಲ ಎಣಿಕೆಯಾಗಿ ಹೊರಗೆ ಹೋಗುತ್ತಿತ್ತು. ಪಲ್ಲವಿಯನ್ನು ಒಂದು ಕೋಣೆಯಲ್ಲಿ, ಕೊನೆಯ ಚರಣವನ್ನು ಬೇರೆ ಕೋಣೆಯಲ್ಲಿ ಹಾಡಿದಂತಾಯಿತು. ಮುಗಿದ ಮೇಲೆ ಆಕೆ ನನ್ನ ಮುಖ ನೋಡಿದರು. ಬಾಗಿಲಲ್ಲಿ ಗಂಡನೂ ಬೆವರು ಒರೆಸಿಕೊಳ್ಳುತ್ತಾ ನೋಡುತ್ತಿದ್ದ.

"ಇದು ಆಗಲ್ಲ. ಗೋಡೆ ಬಡೀತಿದೆ. ಚೀಲ ಮತ್ತೆ ತುಂಬಿದ ಮೇಲೆ ಹೇಳಿ ಕಳಿಸ್ತೀನಿ" ಎಂದೆ. ಅಷ್ಟು ಹೊತ್ತಿಗೆ ನನಗೆ ಮೈ ಜುಮ್ಮೆಂದಿತ್ತು ಎಂಬುದು ಬೇರೆ ಮಾತು. ಪ್ರೊಡ್ಯೂಸರ್‌ಗಳು ಸುಲಭಕ್ಕೆ ಒಪ್ಪುವುದಿಲ್ಲ ಎಂದು ಓದಿದ್ದೆನಲ್ಲ. ಧಾರಣೆ ಆ ವರ್ಷವೆಲ್ಲ ಇಳಿಯಲಿಲ್ಲ. ಚೀಲಗಳು ತುಂಬಲಿಲ್ಲ. ನಾನು ಹೇಳಿ ಕಳಿಸಲಿಲ್ಲ. ಗಂಡ ಹೆಂಡತಿ ಚನ್ನಗಿರಿ ಬಿಟ್ಟು ಆಕೆಯ ತವರಾದ ಹೊನ್ನಾಳಿಗೆ ಹೋದರು ಎಂದು ಆಮೇಲೆ ಗೊತ್ತಾಯಿತು.

ಇದೆಲ್ಲ ಆಗಿ ಒಂದು ಆಯುಷ್ಯವೇ ಕಳೆದಿದೆ. ಕಳೆದ ವರ್ಷ ಒಂದು ಫೋನ್ ಬಂತು. ಗಾಳಿ ಊದಿದಂತೆ ಯಾರೋ ಪಿಸುಗುಟ್ಟಿದರು: "ಸಾರ್, ಅವತ್ತು ಗೋದಾಮಿನಾಗೆ ಹಾಡ್ಸಿದ್ರಲ್ಲ, ಆ ಟೇಪು ಐತಾ?" ಗಂಟಲಿನ ಆಪರೇಷನ್ ಆಗಿ ದನಿ ಹೋಗಿದೆ, ಇಷ್ಟೇ ಬರುತ್ತದೆ ಎಂದರು ಆ ಹಮಾಲನ ಹೆಂಡತಿ. ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಕಳೆದುಹೋದ ತಮ್ಮ ದನಿಯನ್ನು ಕೇಳುತ್ತಿದ್ದಾರೆ, ಅದನ್ನು ಸರಿಯಾಗಿ ಕೊಡಬೇಕು ಎಂದು ನಿಶ್ಚಯಿಸಿದೆ.

ಕ್ಯಾಸೆಟ್ ಹಿಡಿದು ನ್ಯಾಮತಿಯ ಗೆಳೆಯನ ಅಂಗಡಿಗೆ ಹೋದೆ. ಅವನು ಅದನ್ನು ಕಂಪ್ಯೂಟರ್‌ಗೆ ಹಾಕಿ, ಸದ್ದು ತೊಳೆಯುವ ಒಂದು ಸಾಫ್ಟ್‌ವೇರ್ ಕೊಟ್ಟ. ಮೂರು ವಾರ ಕುಳಿತು ತೊಳೆದೆ. ಗೋಡೆಯ ಸದ್ದು ತೆಗೆದೆ, ಲಾರಿಯ ಸದ್ದು ತೆಗೆದೆ, ಹಮಾಲರ ಗಲಾಟೆ ತೆಗೆದೆ. ಡ್ರಮ್ಸ್ ಹಾಕಿದೆ. ಗೆಳೆಯ ಗಿಟಾರಿನ ಧೂಳು ಒರೆಸಿ ಎರಡು ಸಾಲು ಬಾರಿಸಿದ. ಕೊನೆಗೂ ಒಂದು ರಾಕ್ ಹಾಡು ಮಾಡಿದೆವು ಎಂದು ಇಬ್ಬರೂ ಮಂಡಕ್ಕಿ ಮಿರ್ಚಿ ತಿಂದು ಸಂಭ್ರಮಿಸಿದೆವು.

ಹೊನ್ನಾಳಿಯಲ್ಲಿ ಆಕೆಯ ಮನೆ ಹೊಳೆಗೆ ಹತ್ತಿರ. ಚಹಾ ಕೊಟ್ಟು ಎದುರಿಗೆ ಕುಳಿತರು. ಪೂರ್ತಿ ಹಾಡನ್ನು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಕಾಯುತ್ತಲೇ ಇದ್ದರು. ಆಮೇಲೆ ಕಣ್ಣು ತೆಗೆದು, "ಚೆನ್ನಾಗೈತ್ರೀ. ಅವರೆಲ್ಲಿ?" ಎಂದರು.

"ಯಾರು?"

"ನಮ್ಮೋರು. ಎಣಿಸ್ತಿದ್ರಲ್ಲ, ಅವರು."

ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. "ಫೋಟೋ ಐದಾವ್ರೀ ಬೇಕಾದಷ್ಟು. ದನಿ ಎಲ್ಲೂ ಇಲ್ಲ. ನಿಮ್ ಟೇಪಿನಾಗೆ ಇರ್ಬೇಕು ಅಂತ ನೆಪ್ಪಾತು" ಎಂದು ಪಿಸುಗುಟ್ಟಿದರು. ತಮ್ಮ ದನಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಮೂರು ವಾರ ಕಷ್ಟಪಟ್ಟು ತೊಳೆದು ತೆಗೆದದ್ದು ಅವರು ಕೇಳಿದ್ದ ಒಂದೇ ಒಂದು ವಸ್ತುವನ್ನು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮರುದಿನವೇ ನ್ಯಾಮತಿಗೆ ಓಡಿದೆ. ತೊಳೆಯುವ ಮೊದಲಿನ ಫೈಲು ಗೆಳೆಯನ ಕಂಪ್ಯೂಟರಿನಲ್ಲಿ ಉಳಿದಿತ್ತು. ಸೋಮಾರಿ, ಏನನ್ನೂ ಅಳಿಸುವುದಿಲ್ಲ. ಇಬ್ಬರೂ ಕೇಳಿದೆವು. ಹಾಡಿನ ಹಿಂದಿನಿಂದ ಒಂದು ಗಂಡು ದನಿ ಬಂತು: "ಲಾಭ." ನಮ್ಮಲ್ಲಿ ಎಣಿಸುವಾಗ ಒಂದು ಎನ್ನುವುದಿಲ್ಲ, ಲಾಭ ಎಂದೇ ಶುರು ಮಾಡುತ್ತಾರೆ. "ಲಾಭ... ಎರಡು... ಮೂರು..." ಒಂದೊಂದು ಎಣಿಕೆಗೂ ಚೀಲ ಲಾರಿಗೆ ಬೀಳುವ ಧಡ್ ಎಂಬ ಸದ್ದು. "ಆರು... ಏಳು..." ಆಗ ಇನ್ನೊಂದು ದನಿ, ಎಳಸು, ಸೊಕ್ಕಿನದು: "ಏಯ್, ಬಾಯಿ ಮುಚ್ಚಯ್ಯಾ! ಇಲ್ಲಿ ರೆಕಾರ್ಡಿಂಗ್ ನಡೀತಿದೆ!"

ಅದು ನಾನು. ತೊಳೆಯುವಾಗ ಇದನ್ನೂ ಹಮಾಲರ ಗಲಾಟೆ ಎಂದೇ ತೆಗೆದಿದ್ದೆ. ಆಮೇಲೆ ಹಾಡು ಮುಗಿಯುವವರೆಗೆ ಆತ ಉಸಿರೆತ್ತಲಿಲ್ಲ. ಗೆಳೆಯ ನನ್ನ ಮುಖ ನೋಡದೆ ಸ್ಕ್ರೂಡ್ರೈವರ್ ಹುಡುಕತೊಡಗಿದ.

ನನ್ನ ಕೂಗನ್ನಷ್ಟು ಅಳಿಸಿ ಕೊಡೋಣವೇ ಎಂದು ಆಸೆಯಾಯಿತು. ಸುಳ್ಳೇಕೆ ಹೇಳಲಿ, ಮೌಸ್ ಅಲ್ಲಿಗೆ ಒಯ್ದೂ ಇದ್ದೆ. ಆದರೆ ಕೂಗು ಕೊನೆಯ "ಏಳು" ಎಂಬುದರ ಮೇಲೇ ಬಿದ್ದಿತ್ತು. ಅದನ್ನು ತೆಗೆದರೆ ಇದೂ ಹೋಗುತ್ತಿತ್ತು. ಹಾಗೇ ಒಯ್ದೆ.

ಹೊನ್ನಾಳಿಯಲ್ಲಿ ಮತ್ತೆ ಅದೇ ಕುರ್ಚಿ, ಚಹಾ. "ಲಾಭ" ಎಂದಾಗ ಆಕೆಯ ಮುಖದಲ್ಲಿ ಏನಾಯಿತು ಎಂದು ಬರೆಯುವ ಶಕ್ತಿ ಧೂಳಿನ ಮೇಲೆ ಹಾಡು ಬರೆದವನಿಗೆ ಇಲ್ಲ. ನನ್ನ ಕೂಗು ಬಂದಾಗ ನಾನು ನೆಲ ನೋಡಿದೆ. ಆಕೆ ನಕ್ಕರು, ಸದ್ದಿಲ್ಲದೆ.

"ಅವತ್ತು ಮನೆಗೆ ಬಂದು ಹೇಳಿದ್ರು. ನೀವು ಬೈದ ಮೇಲೆ ಮನಸ್ನಾಗೇ ಎಣಿಸಿದ್ರಂತೆ. ನನ್ ಹಾಡು ಕೆಡಬಾರ್ದು ಅಂತ. ಲೆಕ್ಕ ತಪ್ಪಿ, ಸಾವ್ಕಾರ್ರು ಪೂರ್ತಿ ಲಾರಿ ಇಳಿಸಿ ಮತ್ತೆ ಎಣಿಸಿದ್ರಂತ್ರೀ."

ನಾನು ಬೇಡ ಎಂದು ತಳ್ಳಿಹಾಕಿದ ಹಾಡಿಗಾಗಿ ಆ ಮನುಷ್ಯ ಒಂದು ಲಾರಿ ಅಡಿಕೆಯನ್ನು ಎರಡು ಸಲ ಹೊತ್ತಿದ್ದ. ಕ್ಷಮಿಸಿ ಎನ್ನಲು ಬಾಯಿ ತೆಗೆದೆ. ಆಕೆ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿ ಎಂದರು. ಹಾಡು ಇನ್ನೂ ನಡೆಯುತ್ತಿತ್ತು.

ಆಗ ನೋಡಿದೆ. ಅವರು ಹಾಡು ಕೇಳುತ್ತಿರಲಿಲ್ಲ. ಹಾಡಿನ ಹಿಂದೆ ಚೀಲ ಬೀಳುವ ಸದ್ದು ಬರುತ್ತಲೇ ಇತ್ತು. ಒಂದೊಂದು ಸದ್ದಿಗೂ ಅವರ ಬೆರಳು ಮಡಚುತ್ತಿತ್ತು, ತುಟಿ ಅಲುಗುತ್ತಿತ್ತು. ಎಂಟು, ಒಂಬತ್ತು, ಹತ್ತು. ಅವನು ಮನಸ್ಸಿನಲ್ಲಿ ಎಣಿಸಿದ್ದನ್ನು ಇವರು ದನಿಯಿಲ್ಲದೆ ಎಣಿಸುತ್ತಿದ್ದರು. ನಾನೂ ಎಣಿಸತೊಡಗಿದೆ. ಹಾಡು ನಿಂತಿತು.

"ಇಪ್ಪತ್ಮೂರು" ಎಂದೆ ಮೆಲ್ಲಗೆ.

ಆಕೆ ಅಲ್ಲವೆಂದು ತಲೆಯಾಡಿಸಿದರು. "ಇಪ್ಪತ್ನಾಕು."

ಮತ್ತೆ ಮೊದಲಿನಿಂದ ಹಾಕಿ ಕೇಳಿದೆವು. ಇಪ್ಪತ್ನಾಲ್ಕೇ ಇತ್ತು. ಒಂದು ನನಗೆ ಕೇಳಿಸಿರಲಿಲ್ಲ.