ಜಾವಾ ಕ್ಲಾಸಿನ ಮೇಲೆ ನನ್ನ ಡಂಬೆಲ್

ನಾಂಪಲ್ಲಿಯ ಸರ್ಕಾರಿ ಕಚೇರಿಯಿಂದ ನಾನು ನಿವೃತ್ತಳಾದ ಹೊತ್ತಿಗೆ ನಮ್ಮ ನಾರಾಯಣಗೂಡದಲ್ಲಿ ಗೋಡೆಗಳೇ ಕಾಣುತ್ತಿರಲಿಲ್ಲ. ಎಲ್ಲೆಲ್ಲೂ ಜಾವಾ ಕೋಚಿಂಗಿನ ಪೋಸ್ಟರು. ಬಾಲಾನಗರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನಮ್ಮ ಮನೆಯವರಿಗೆ ಅದೊಂದು ದೊಡ್ಡ ಸೋಜಿಗ.

“ಜಾವಾ ಮೋಟರ್‌ಸೈಕಲ್ ಹೊಡೀಲಿಕ್ಕೆ ಮೂರು ತಿಂಗಳ ಕ್ಲಾಸ್ ಯಾಕ ಬೇಕು? ನಾ ಒಂದ ಮಧ್ಯಾಹ್ನದಾಗ ಕಲ್ತಿದ್ದೆ.”

ಅದು ಕಂಪ್ಯೂಟರಿನ ಭಾಷೆ ಎಂದು ಆಗ ನನಗೂ ಗೊತ್ತಿರಲಿಲ್ಲ. ಹೌದಲ್ಲ ಎಂದೆ.

ನಮ್ಮಿಬ್ಬರಿಗೂ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ನಡೆದರೂ ನನ್ನದು ಇಳಿಯುತ್ತಿರಲಿಲ್ಲ. ಡಾಕ್ಟರಮ್ಮ ನನ್ನ ತೋಳು ಹಿಸುಕಿ ನೋಡಿ, ನಡೆದರಷ್ಟೇ ಸಾಲದು, ಈ ವಯಸ್ಸಿನಲ್ಲಿ ತೂಕವನ್ನೂ ಎತ್ತಬೇಕು, ಸ್ನಾಯು ಗಟ್ಟಿಯಾದರೆ ರಕ್ತದಲ್ಲಿರುವ ಸಕ್ಕರೆಯನ್ನು ಅದೇ ತಿನ್ನುತ್ತದೆ ಎಂದರು. ಹೊರಗೆ ಬಂದದ್ದೇ ಇವರು ಗೊಣಗಿದರು: “ನಮಗ ಒಂದು ಚಮಚ ಕೊಡಂಗಿಲ್ಲ, ಸ್ನಾಯುಗ ತಿನಸ್ತಾರಂತ!”

ಮನೆ ಹತ್ತಿರದ ಜಿಮ್ ಎರಡನೆಯ ಮಹಡಿಯಲ್ಲಿತ್ತು, ಅದರ ಕೆಳಗೆ ಜಾವಾ ಕ್ಲಾಸು. ಇಳಕಲ್ ಸೀರೆಯ ಮೇಲೆ ಕ್ಯಾನ್ವಾಸ್ ಶೂ ಹಾಕಿಕೊಂಡು ಹೋದೆ. ಇವರು ಕಾವಲಿಗೆಂದು ಬಂದು ಕಿಟಕಿಯ ಬಳಿ ಪೇಪರ್ ಬಿಡಿಸಿ ಕೂತರು. ಕಲಿಸುವಾಕೆ ತೆಲುಗಿನವಳು, ಗಟ್ಟಿಗಿತ್ತಿ. ವಾರ ವಾರ ತೂಕ ಏರಿಸಿದಳು. ಎತ್ತುವುದು ನನಗೆ ಬೇಗ ಬಂತು. ಇಳಿಸುವುದು ಮಾತ್ರ ಬರಲಿಲ್ಲ. ಕೈ ಸೋತ ಕೂಡಲೇ ಬಿಟ್ಟುಬಿಡುತ್ತಿದ್ದೆ. “ಅಮ್ಮಾ, ಮೆಲ್ಲಗಾ!” ಎಂದು ಆಕೆ ಕೂಗುವುದರೊಳಗೆ ಧಡ್!

ಒಂದು ಸಂಕಷ್ಟಿಯ ದಿನ ಪೆದ್ದು ಕೆಲಸ ಮಾಡಿದೆ. ಉಪವಾಸವೆಂದು ಏನೂ ತಿನ್ನದೆ, ಸಕ್ಕರೆಯ ಗುಳಿಗೆಯನ್ನು ಮಾತ್ರ ನುಂಗಿ ಹೋದೆ. ಮೂರನೆಯ ಸಲ ಎತ್ತುವಾಗ ಮೈಯೆಲ್ಲ ಬೆವೆತು ಕೈ ಗಡಗಡ ನಡುಗಿತು. ಎರಡೂ ಡಂಬೆಲ್ ಒಟ್ಟಿಗೆ ನೆಲಕ್ಕೆ ಬಿದ್ದವು. ನಾನು ಬೆಂಚಿನ ಮೇಲೆ ಕುಸಿದೆ.

ಕೆಳಗಿನ ಜಾವಾ ಕ್ಲಾಸಿನ ಮೇಷ್ಟ್ರು ಧಡಧಡ ಮೆಟ್ಟಿಲು ಹತ್ತಿ ಬಂದರು. ತಲೆಯ ತುಂಬ ಛಾವಣಿಯ ಸುಣ್ಣ.

“ಕೌನ್ ಹೈ ವೋ ಪೈಲ್ವಾನ್?”

ಕಲಿಸುವಾಕೆ ನನ್ನನ್ನು ತೋರಿಸಿದಳು. ಮೇಷ್ಟ್ರು ನನ್ನ ಇಳಕಲ್ ಸೆರಗು ನೋಡಿದರು, ಶೂ ನೋಡಿದರು. ಬಯ್ಯಲು ಬಂದವರು ದನಿ ತಗ್ಗಿಸಿದರು.

“ಅಮ್ಮಾರ, ನೀವು ನಮ್ಮ ಕಡಿಯವರೇನ್ರಿ?”

“ರಾಯಚೂರು,” ಎಂದು ತೊದಲಿದೆ.

“ನಂದು ಲಿಂಗಸೂರು. ಅಯ್ಯ, ನಿಮಗ ಸಕ್ಕರಿ ಇಳದೈತಿ! ನಮ್ಮವ್ವಗೂ ಹಿಂಗ ಆಗ್ತಿತ್ತು.” ಓಡಿಹೋಗಿ ತಮ್ಮ ಸಿಹಿ ಚಹಾವನ್ನೇ ತಂದು ಕುಡಿಸಿದರು, ಬಿಸ್ಕಿಟಿನ ಪುಡಿಕೆ ಕೈಗಿಟ್ಟರು. ನಡುಕ ನಿಧಾನವಾಗಿ ತಗ್ಗಿತು.

ಅಷ್ಟರಲ್ಲಿ ಪಕ್ಕದಿಂದ ಇನ್ನೊಂದು ಕೈ ಬಿಸ್ಕಿಟಿನತ್ತ ಬಂತು. “ನನಗೂ ಕೈ ನಡುಗಾಕತ್ತಾವ,” ಎಂದರು ಇವರು.

“ಪೇಪರ್ ಎತ್ತಿ ನಡುಗಾಕತ್ತಾವೇನ್ರಿ?” ಎಂದೆ. ನಾನು ಚೇತರಿಸಿಕೊಂಡೆನೆಂದು ಎಲ್ಲರಿಗೂ ಖಾತ್ರಿಯಾಯಿತು.

ಮುಖಭಂಗ ಮುಚ್ಚಿಕೊಳ್ಳಲು ಇವರು ಮೇಷ್ಟ್ರ ಕಡೆ ತಿರುಗಿದರು. “ಅಲ್ರಿ ಸರ, ಇಷ್ಟು ಮಂದಿ ಜಾವಾ ಕಲೀತಾರ. ಗಾಡಿ ಎಲ್ಲಿ ನಿಲ್ಲಸ್ತೀರಿ?”

ಕಂಪ್ಯೂಟರಿನ ವಿಷಯ ನಮ್ಮಿಬ್ಬರಿಗೂ ತಿಳಿದದ್ದು ಅವತ್ತೇ. ಮೇಷ್ಟ್ರು ನಕ್ಕೂ ನಕ್ಕೂ ಬೆಂಚಿನ ಮೇಲೆ ನನ್ನ ಪಕ್ಕ ಕುಸಿದರು.

ಡಾಕ್ಟರಮ್ಮ ಚೆನ್ನಾಗಿ ಬೈದರು. ತಿನ್ನದೆ ತೂಕ ಎತ್ತಕೂಡದು, ಸಂಕಷ್ಟಿಯಂದು ಜಿಮ್ಮಿಗೆ ರಜೆ. ಮೇಷ್ಟ್ರು ಹಳೆಯ ರತ್ನಗಂಬಳಿಯೊಂದನ್ನು ಕಳಿಸಿ ನನ್ನ ಜಾಗಕ್ಕೆ ಹಾಸಿಸಿದರು. ಕಲಿಸುವಾಕೆ ಇವರ ಪೇಪರ್ ಕಸಿದುಕೊಂಡು ಇವರ ಕೈಗೂ ಡಂಬೆಲ್ ಕೊಟ್ಟಳು. ಕೆಲವು ತಿಂಗಳಲ್ಲಿ ನನ್ನ ಸಕ್ಕರೆ ಇಳಿದು ಡಾಕ್ಟರಮ್ಮ ಒಂದು ಗುಳಿಗೆ ಕಡಿಮೆ ಮಾಡಿದರು. ಇವರದು ಹಟಮಾರಿ, ಇಳಿಯಲು ಇನ್ನೂ ತಡವಾಯಿತು.

ಆ ಚಳಿಗಾಲದಲ್ಲಿ ಮದುವೆಗೆಂದು ಸೋಲಾಪುರಕ್ಕೆ ಹೊರಟು ನಾಂಪಲ್ಲಿಯಲ್ಲಿ ರೈಲು ಹತ್ತಿದೆವು. ಇವರು ಟ್ರಂಕಿನ ಹಿಡಿ ಹುಡುಕುತ್ತಿದ್ದಾಗಲೇ ನಾನು ಅದನ್ನೆತ್ತಿ ಮೇಲಿನ ಬರ್ತಿಗೆ ಇಟ್ಟೆ. ಎದುರಿನ ಸೀಟಿನ ಹೆಂಗಸು ಕಣ್ಣರಳಿಸಿ ನೋಡಿ, ತನ್ನ ಗಂಟನ್ನೂ ನನ್ನ ಮುಂದೆ ತಂದಿಟ್ಟಳು. ಅದನ್ನೂ ಏರಿಸಿದೆ. ಆಮೇಲೆ ಪಕ್ಕದ ಸಾಲಿನಿಂದ ಒಂದು ಸೂಟ್‌ಕೇಸು, ಒಂದು ಅಕ್ಕಿ ಚೀಲ. ಇವರು ಎದೆಯುಬ್ಬಿಸಿ ಬೋಗಿಯ ನಡುವೆ ನಿಂತು ಕೂಗಿದರು:

“ಇನ್ನೂ ಯಾರದರ ಅದಾವೇನ್ರಿ? ಲಗೂನ ತರ್ರಿ, ಗಾಡಿ ಬಿಡ್ತೈತಿ!”